ನಾಯಿಗೆ ಐಸೋ, ನೆರಳೋ?

ಏಪ್ರಿಲ್, ಮೇ ತಿಂಗಳಲ್ಲಿ ತಾಂಡೂರು ಬಳಿಯ ಕರಣಕೋಟದ ಬಿಸಿಲು 40 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಊರಲ್ಲಿ ಸಿಮೆಂಟ್ ಕಾರ್ಪೊರೇಷನ್ ಆಫ್ ಇಂಡಿಯಾದ ಕಾರ್ಖಾನೆ, ಸುತ್ತ ಸುಣ್ಣಕಲ್ಲಿನ ಗಣಿ, ಮನೆಮನೆಗೂ ತಾಂಡೂರು ಪರಸಿ ಕಲ್ಲಿನ ನೆಲ. ಮಧ್ಯಾಹ್ನ ಅಂಗಳದ ಪರಸಿ ಮೇಲೆ ನಾಯಿ ಕಾಲೂರುವುದಿಲ್ಲ. ಅದೇ ಕಲ್ಲು ಪಡಸಾಲೆಯಲ್ಲಿದ್ದರೆ ಹೊಟ್ಟೆ ಹಚ್ಚಿ, ಹಿಂಗಾಲು ಚಾಚಿ ಮಲಗಿಬಿಡುತ್ತದೆ.

ಈಗ ಇಂಥ ಮನೆಗಳ ಫ್ರಿಜ್ಜಿನಲ್ಲೂ ನಾಯಿಯ ಪಾಲಿನ ಐಸ್ ಸೇರತೊಡಗಿದೆ. ಮೊಸರು, ಬಾಳೆಹಣ್ಣು, ಉಪ್ಪು ಹಾಕದೆ ಕೋಳಿ ಬೇಯಿಸಿದ ನೀರು, ಹೀಗೆ ಏನನ್ನೋ ಟ್ರೇಯಲ್ಲಿ ಹೆಪ್ಪುಗಟ್ಟಿಸಿ ಕೊಡುತ್ತಾರೆ. ಮಕ್ಕಳಿಗೆ ಅದು ಖುಷಿ. ಕಟ್ಟೆಯ ಮೇಲೆ ಕುಳಿತ ಹಿರಿಯರದು ಒಂದೇ ಪ್ರಶ್ನೆ: ‘ನಮಗ ಕುಡ್ಯಾಕ ತಣ್ಣೀರಿಲ್ಲ, ನಾಯಿಗ್ಯಾಕ್ರೀ ಐಸು?’

ಐಸ್ ಕೊಡುವವರ ವಾದದಲ್ಲಿ ಹುರುಳಿದೆ. ನಮ್ಮಂತೆ ಮೈಯೆಲ್ಲ ಬೆವರುವ ಅನುಕೂಲ ನಾಯಿಗಿಲ್ಲ. ಬೆವರುವುದು ಅಂಗಾಲಲ್ಲಿ, ಅದೂ ಅಷ್ಟಕ್ಕಷ್ಟೆ. ನಾಲಿಗೆ ಚಾಚಿ ತೇಕಿಯೇ ಅದು ಮೈ ಕಾವು ಇಳಿಸಿಕೊಳ್ಳಬೇಕು. ಹಾಗೆ ತೇಕುವಾಗ ಮೈಯ ನೀರು ಖರ್ಚಾಗುತ್ತದೆ. ಬಿಸಿಲಿಗೆ ಊಟ ಬಿಟ್ಟು, ನೀರನ್ನೂ ಅರೆಬರೆ ಕುಡಿಯುವ ನಾಯಿ ಮಜ್ಜಿಗೆ ಐಸನ್ನು ಮನಸ್ಸಿಟ್ಟು ನೆಕ್ಕುತ್ತದೆ. ನೀರೂ ಹೊಟ್ಟೆಗೆ ಹೋಯಿತು, ಹೊರಗೆ ಬಿಡಲಾಗದ ಮಧ್ಯಾಹ್ನ ಅರ್ಧ ಗಂಟೆಯ ಆಟವೂ ಆಯಿತು. ಅಂಗಡಿಯ ತಿನಿಸಿಗಿಂತ ಅಗ್ಗ, ಒಳಗೇನಿದೆ ಎಂಬುದು ನಮಗೇ ಗೊತ್ತು.

ಹಾಗಾದರೆ ಮೈ ಎಷ್ಟು ತಣಿಯುತ್ತದೆ? 100 ಗ್ರಾಂ ಐಸ್ ಕರಗಿ, ಆ ನೀರು ನಾಯಿಯ ಮೈಬಿಸಿಗೆ ಬರುವಷ್ಟರಲ್ಲಿ ಹೀರುವ ಶಾಖ ಸುಮಾರು 12 ಕಿಲೋ ಕ್ಯಾಲೊರಿ. ಅದೇ 100 ಗ್ರಾಂ ನೀರು ನಾಲಿಗೆಯಿಂದ ಆವಿಯಾಗಿ ಹೋದರೆ 50ಕ್ಕೂ ಹೆಚ್ಚು. ಅಂದರೆ ತಂಪಿನ ದೊಡ್ಡ ಪಾಲು ಬರುವುದು ಹೆಪ್ಪಿನಿಂದಲ್ಲ, ನೀರಿನಿಂದ. ಕರಾವಳಿಯ ಜಿಗುಟು ಸೆಕೆಗಿಂತ ನಮ್ಮ ಕಡೆಯ ಒಣ ಗಾಳಿಯಲ್ಲಿ ನೀರು ಬೇಗ ಆವಿಯಾಗುತ್ತದೆ. ಹಾಗಾಗಿ ನೆರಳು, ಗಾಳಿ, ಕುಡಿಯಲು ಸಾಕಷ್ಟು ನೀರು ಇದ್ದರೆ ತೇಕುವುದೇ ಹೆಚ್ಚು ಕೆಲಸ ಮಾಡುತ್ತದೆ. ಲೆಕ್ಕ ಇಲ್ಲಿ ಹಿರಿಯರ ಕಡೆಗೆ ವಾಲುತ್ತದೆ.

ಅವರ ಎಲ್ಲ ಅಂಜಿಕೆಯೂ ನಿಜವಲ್ಲ. ಐಸ್ ತಿಂದರೆ ನಾಯಿಯ ಹೊಟ್ಟೆ ತಿರುಚಿಕೊಳ್ಳುತ್ತದೆ ಎಂಬ ಮಾತು ಬಹಳ ಕೇಳಿಬರುತ್ತದೆ. ತಂಪು ಅದಕ್ಕೆ ಕಾರಣವಲ್ಲ. ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ನಂಥ ಆಳ ಎದೆಯ ನಾಯಿಗಳಿಗೆ ಆ ಅಪಾಯ ಹೆಚ್ಚು; ಅವು ತಿನ್ನುವುದನ್ನು ಗಬಗಬ ನುಂಗದಂತೆ ನೋಡಿಕೊಂಡರಾಯಿತು. ನಿಜವಾದ ಅಪಾಯ ಹಲ್ಲಿಗೆ. ಗಟ್ಟಿ ಐಸ್ ಕಡಿದರೆ ಹಲ್ಲು ಸೀಳಬಹುದು. ಹೆಬ್ಬೆರಳ ಉಗುರು ಒತ್ತಿ ನೋಡಿ. ಗುರುತು ಮೂಡದಿದ್ದರೆ ಅದು ನಾಯಿಗೂ ಗಟ್ಟಿಯೇ. ಅದಕ್ಕೇ ಅಚ್ಚಿನ ತುಂಡಿಗಿಂತ, ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹೆಪ್ಪುಗಟ್ಟಿಸಿದ ಮೊಸರು ಒಳ್ಳೆಯದು. ಐದು ನಿಮಿಷ ಹೊರಗಿಟ್ಟು ಕೊಟ್ಟರೆ ನಾಯಿ ಕಡಿಯದೆ ನೆಕ್ಕುತ್ತದೆ.

ಏನು ಹಾಕುತ್ತೀರಿ ಎಂಬುದು ಇನ್ನೂ ಮುಖ್ಯ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ‘ಸಕ್ಕರೆ ಇಲ್ಲ’ ಎಂದು ಮಾರುವ ಕೆಲವು ತಿನಿಸು, ಶೇಂಗಾ ಬೆಣ್ಣೆಗಳಲ್ಲಿ ಇರುವ ಜೈಲಿಟಾಲ್ ಎಂಬ ಸಿಹಿಕಾರಕ ಸ್ವಲ್ಪವೇ ಸಾಕು ಜೀವಕ್ಕೆ ಕುತ್ತು ತರಲು. ಮಜ್ಜಿಗೆಯಾದರೆ ಉಪ್ಪು, ಮೆಣಸಿನಕಾಯಿ, ಒಗ್ಗರಣೆ ಬೇಡ. ಹಾಲು ಬೆಳೆದ ಎಷ್ಟೋ ನಾಯಿಗಳಿಗೆ ಅರಗುವುದು ಕಷ್ಟ, ಮೊಸರು ವಾಸಿ. ಕಲ್ಲಂಗಡಿಯ ಬೀಜ, ಸಿಪ್ಪೆ ತೆಗೆಯಿರಿ. ಮಾವಿನ ವಾಟೆಯಂತೂ ಹತ್ತಿರ ಸುಳಿಯಬಾರದು, ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಳ್ಳುತ್ತದೆ. ಇಂಥ ತಿನಿಸೆಲ್ಲ ಸೇರಿ ದಿನದ ಆಹಾರದ ಹತ್ತರಲ್ಲಿ ಒಂದು ಪಾಲು ಮೀರದಿರಲಿ.

ಒಂದು ವಿಷಯದಲ್ಲಿ ಎರಡು ಮಾತಿಲ್ಲ. ಬಿಸಿಲು ಬಡಿದ ನಾಯಿಗೆ ಐಸ್ ಔಷಧಿಯಲ್ಲ. ನಾಯಿಯ ಮೈಬಿಸಿ ಸಹಜವಾಗಿ 38ರಿಂದ 39 ಡಿಗ್ರಿ. 41ರ ಹತ್ತಿರ ಹೋದರೆ ಪ್ರಾಣಕ್ಕೇ ಸಂಚಕಾರ. ವಸಡು ಕೆಂಪಾಗಿ, ಜೊಲ್ಲು ಸುರಿದು, ತೂರಾಡುತ್ತಿದ್ದರೆ ತಿನ್ನಿಸಲು ಹೋಗಬೇಡಿ. ನೆರಳಿಗೆ ತಂದು ಮೈಮೇಲೆ ನೀರು ಸುರಿಯಿರಿ, ಫ್ಯಾನ್ ಹಚ್ಚಿ, ತಡಮಾಡದೆ ಪಶುವೈದ್ಯರ ಬಳಿ ಒಯ್ಯಿರಿ. ಮೂಗು ಚಪ್ಪಟೆಯಾದ ಪಗ್‌ನಂಥ ನಾಯಿಗಳಲ್ಲಿ ಈ ಎಚ್ಚರ ಇಮ್ಮಡಿ ಬೇಕು, ಅವಕ್ಕೆ ತೇಕುವುದೇ ಕಷ್ಟ.

ಆರೋಗ್ಯವಾಗಿರುವ ಮನೆ ನಾಯಿಗೆ ಒಂದು ತಟ್ಟೆ ಮೊಸರಿನ ಐಸ್ ತಪ್ಪಲ್ಲ. ಅದನ್ನು ಹಬ್ಬದ ಹೋಳಿಗೆಯಂತೆ ಕೊಡಿ, ದಿನದ ರೊಟ್ಟಿ ಅದಲ್ಲ. ಗಣಿಯ ದಾರಿಯಲ್ಲಿ, ಲಾರಿಗಳ ಅಡಿಯಲ್ಲಿ ನೆರಳು ಹುಡುಕುವ ನಾಯಿಗಳಿಗೆ ಆ ತಟ್ಟೆಯೂ ಇಲ್ಲ. ಗೇಟಿನ ಹೊರಗೆ, ನೆರಳಿರುವ ಕಡೆ ಒಂದು ಬಾನಿ ಇಡಿ, ಬೆಳಿಗ್ಗೆ ಸಂಜೆ ತೊಳೆದು ನೀರು ತುಂಬಿ. ಐಸಿನ ಮಾತು ಆಮೇಲೆ.