ಫಾರ್ಮ್ಯಾಟ್ ಮಾಡಿಸೋ ಮುಂಚೆ ಇದನ್ನೊಮ್ಮೆ ಓದಿ

ಇವತ್ತು ನನ್ನದೇ ಒಂದು ದಡ್ಡತನದಿಂದ ಶುರು ಮಾಡ್ತೀನಿ.

2019ರಲ್ಲಿ ನನಗೊಂದು ಮೇಲ್ ಬಂತು. ಕೋರ್ಟ್ ಸಮನ್ಸ್ ಅಂತಿತ್ತು. ಅಟ್ರಾಸಿಟಿ ಕೇಸುಗಳ ಹಿಂದೆ ಓಡಾಡೋ ನಮ್ಮಂಥವರಿಗೆ ಸಮನ್ಸ್ ಏನು ಹೊಸದಾ? ಯಾವ ಕೇಸಿಂದೋ ನೋಡೋಣ ಅಂತ ಅಟ್ಯಾಚ್‌ಮೆಂಟ್ ಒತ್ತಿದೆ. ಏನೂ ತೆರೆದುಕೊಳ್ಳಲಿಲ್ಲ, ಮರೆತುಬಿಟ್ಟೆ. ಕೆಲವು ತಿಂಗಳಾದ ಮೇಲೆ ಲ್ಯಾಪ್‌ಟಾಪ್ ಎಳೆಯೋಕೆ ಶುರುವಾಯ್ತು. ಎಸ್‌ಪಿ ರೋಡಿನ ಒಂದು ಅಂಗಡಿಗೆ ಕೊಟ್ಟೆ. ಹುಡುಗ ಸಂಜೆ ಹೊತ್ತಿಗೆ ಫಾರ್ಮ್ಯಾಟ್ ಮಾಡಿ, "ಎಲ್ಲಾ ಕ್ಲೀನ್ ಸಾರ್" ಅಂತ ಕೈಗಿಟ್ಟ.

ಆ ಮೇಲ್‌ನಲ್ಲಿ ಏನಾದ್ರೂ ಇತ್ತಾ? ಗೊತ್ತಿಲ್ಲ. ಬರೀ ಸ್ಪ್ಯಾಮ್ ಇದ್ದಿರಬಹುದು. ಆದರೆ ಇನ್ನು ಯಾವತ್ತೂ ಗೊತ್ತಾಗೋದಿಲ್ಲ, ಯಾಕಂದ್ರೆ ಇದ್ದ ಒಂದೇ ಸಾಕ್ಷಿಯನ್ನ ನಾನೇ ದುಡ್ಡು ಕೊಟ್ಟು ಅಳಿಸಿ ಹಾಕಿಸಿದ್ದೆ. ಇದು ನನಗೆ ಅರ್ಥವಾಗಿದ್ದು 2021ರ ಫೆಬ್ರುವರಿಯಲ್ಲಿ, ಭೀಮಾ ಕೋರೆಗಾಂವ್ ಪ್ರಕರಣದ ಆರೋಪಿ ರೋನಾ ವಿಲ್ಸನ್ ಅವರ ಲ್ಯಾಪ್‌ಟಾಪಿನ ವರದಿ ಹೊರಬಂದಾಗ.

ಆ ವರದಿ ಬಂದಿದ್ದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿರೋ ಆರ್ಸೆನಲ್ ಕನ್ಸಲ್ಟಿಂಗ್ ಅನ್ನೋ ಪ್ರಯೋಗಾಲಯದಿಂದ. ಅವರು ಕಂಡುಕೊಂಡಿದ್ದು ಇಷ್ಟು: 2016ರ ಜೂನ್‌ನಲ್ಲಿ ಕವಿ ವರವರ ರಾವ್ ಅವರ ಖಾತೆಯಿಂದ ಬಂದಂತಿದ್ದ ಒಂದು ಮೇಲ್. ಅದರಲ್ಲಿದ್ದ ಫೈಲ್ ತೆರೆದಾಗ ನೆಟ್‌ವೈರ್ ಅನ್ನೋ ಮಾಲ್‌ವೇರ್ ಒಳಗೆ ಸೇರಿತು. ದಾಳಿಕೋರ 22 ತಿಂಗಳು ಆ ಲ್ಯಾಪ್‌ಟಾಪ್ ಒಳಗೇ ಕೂತಿದ್ದ. ಒಂದು ಗುಪ್ತ ಫೋಲ್ಡರ್ ಮಾಡಿ ಪತ್ರಗಳನ್ನ ಅದರೊಳಗೆ ಇಟ್ಟ. ಆ ಫೋಲ್ಡರನ್ನ ವಿಲ್ಸನ್ ಒಮ್ಮೆಯಾದರೂ ತೆರೆದಿದ್ದಕ್ಕೆ ಕುರುಹಿಲ್ಲ. ಕೆಲವು ಪತ್ರ ತಯಾರಾಗಿದ್ದ ವರ್ಡ್ ಸಾಫ್ಟ್‌ವೇರಿನ ಆವೃತ್ತಿ ಆ ಲ್ಯಾಪ್‌ಟಾಪಿನಲ್ಲಿ ಇರಲೇ ಇಲ್ಲ.

ಎನ್‌ಐಎ ಈ ವರದಿಯನ್ನ ಒಪ್ಪಿಲ್ಲ. ಪುಣೆಯ ಎಫ್‌ಎಸ್‌ಎಲ್ ಪರೀಕ್ಷೆಯಲ್ಲಿ ಮಾಲ್‌ವೇರ್ ಸಿಕ್ಕಿಲ್ಲ ಅನ್ನೋದು ಅದರ ವಾದ. ಸರಿ, ಎರಡು ವರದಿ ಇವೆ. ಕೋರ್ಟು ಎರಡನ್ನೂ ತೂಗಲಿ. ನನ್ನ ಪ್ರಶ್ನೆ ಬೇರೆ. ಗಡಿಯಾಚೆಯ ಆ ಪ್ರಯೋಗಾಲಯ ಇಲ್ಲದೇ ಹೋಗಿದ್ರೆ ತೂಗೋಕೆ ಎರಡನೇ ವರದಿಯೇ ಇರ್ತಿರಲಿಲ್ಲ, ಅಲ್ವಾ?

ಹಾರ್ಡ್ ಡಿಸ್ಕಿನ ನಕಲು ಆ ಪ್ರಯೋಗಾಲಯ ತಲುಪಿದ್ದು ಹೇಗೆ? ಯಾವ ಒಪ್ಪಂದದಿಂದಲೂ ಅಲ್ಲ. ವಕೀಲರು ಅಮೆರಿಕದ ವಕೀಲರ ಸಂಘದ ನೆರವು ಕೇಳಿ, ಅವರ ಮೂಲಕ ಆರ್ಸೆನಲ್ ಹಿಡಿದರು. ಅಂದ್ರೆ ಪರಿಚಯ ಇತ್ತು, ಇಂಗ್ಲಿಷ್ ಇತ್ತು, ಒಳ್ಳೇ ವಕೀಲರಿದ್ದರು. ಫಾದರ್ ಸ್ಟ್ಯಾನ್ ಸ್ವಾಮಿ ಅವರ ಲ್ಯಾಪ್‌ಟಾಪಿಗೂ ಫೈಲ್ ತುರುಕಿದ್ದರು ಅನ್ನೋ ಅದೇ ಪ್ರಯೋಗಾಲಯದ ವರದಿ ಬಂದಿದ್ದು 2022ರ ಡಿಸೆಂಬರ್‌ನಲ್ಲಿ. ಆ ಹೊತ್ತಿಗೆ ಅವರು ಬಂಧನದಲ್ಲೇ ತೀರಿಹೋಗಿ ಒಂದೂವರೆ ವರ್ಷ ಆಗಿತ್ತು. 84 ವರ್ಷದ ಜೀವ. ಇನ್ನು ನಮ್ಮ ತಾಲ್ಲೂಕಿನ ಹುಡುಗನೊಬ್ಬನ ಫೋನ್ ಸೀಜ್ ಆದ್ರೆ ಅವನಿಗೆ ಯಾವ ಅಮೆರಿಕ?

ಈ ವಿಷಯ ನಮ್ಮ ಮನೆ ಬಾಗಿಲಿಗೂ ಬಂದಿದೆ. 2019ರ ಅಕ್ಟೋಬರ್‌ನಲ್ಲಿ ವಾಟ್ಸಾಪ್ ಮೂಲಕ ಸುಮಾರು 1,400 ಫೋನುಗಳ ಮೇಲೆ ಇಸ್ರೇಲಿನ ಪೆಗಾಸಸ್ ದಾಳಿ ನಡೆದಿದ್ದು ಬಯಲಾಯ್ತು. ಹಾಗೆ ಎಚ್ಚರಿಕೆ ಬಂದವರಲ್ಲಿ ಆನಂದ್ ತೇಲ್ತುಂಬ್ಡೆ ಸರ್ ಒಬ್ಬರು. ಎಚ್ಚರಿಸಿದ್ದು ನಮ್ಮ ಸರ್ಕಾರ ಅಲ್ಲ, ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್. ಬಾಬಾಸಾಹೇಬರ ಮೊಮ್ಮಗಳ ಗಂಡ, ದೇಶ ಕಂಡ ದೊಡ್ಡ ದಲಿತ ಚಿಂತಕ, 2020ರ ಏಪ್ರಿಲ್ 14ರಂದೇ ಶರಣಾಗಿ ಜೈಲಿಗೆ ಹೋದರು. ನಾವು ಅವತ್ತು ಜಯಂತಿಗೆ ಮನೇಲೇ ದೀಪ ಹಚ್ಚಿ ಕೂತಿದ್ವಿ.

"ನಮ್ಮ ದೇಶದ ವಿಷಯಕ್ಕೆ ಹೊರಗಿನವರು ಯಾಕೆ?" ಅಂತ ಕೆಲವರು ಕೇಳ್ತಾರೆ. ಸ್ವಾಮಿ, ಆಯುಧ ಹೊರಗಿನಿಂದಲೇ ಬರ್ತಿದೆಯಲ್ಲ! ನೆಟ್‌ವೈರ್ ಮಾರ್ತಿದ್ದ ವೆಬ್‌ಸೈಟನ್ನ 2023ರ ಮಾರ್ಚ್‌ನಲ್ಲಿ ಮುಚ್ಚಿಸಿದರು. ಆಗ ಅಮೆರಿಕ ವೆಬ್‌ಸೈಟ್ ವಶಕ್ಕೆ ತಗೊಂಡಿತು, ಕ್ರೊವೇಷಿಯಾದಲ್ಲಿ ಒಬ್ಬನ ಬಂಧನ ಆಯ್ತು, ಸ್ವಿಟ್ಜರ್‌ಲೆಂಡ್‌ನಲ್ಲಿ ಸರ್ವರ್ ಸಿಕ್ತು. ಮನಸ್ಸು ಮಾಡಿದ್ರೆ ಪೊಲೀಸರಿಗೆ ಗಡಿ ಅನ್ನೋದೇ ಇಲ್ಲ. ಆದರೆ ಆ ಸರ್ವರ್‌ನಲ್ಲಿ ನನ್ನ ಲ್ಯಾಪ್‌ಟಾಪಿನ ಸುದ್ದಿ ಏನಾದ್ರೂ ಇದೆಯಾ ಅಂತ ಒಬ್ಬ ಆರೋಪಿ ಕೇಳಬೇಕಂದ್ರೆ ದಾರಿ ಎಲ್ಲಿದೆ? ಹೊರದೇಶದಿಂದ ಸಾಕ್ಷಿ ತರಿಸೋಕೆ ಕೋರ್ಟು ವಿನಂತಿ ಪತ್ರ ಬರೆಯಬಹುದು ಅಂತ ನಮ್ಮ ಕಾನೂನಲ್ಲಿದೆ, ಹಿಂದೆ ಸಿಆರ್‌ಪಿಸಿ 166ಎ, ಈಗ ಬಿಎನ್‌ಎಸ್‌ಎಸ್ 112. ಆದರೆ ಅದಕ್ಕೆ ಅರ್ಜಿ ಹಾಕಬೇಕಾದವರು ತನಿಖಾಧಿಕಾರಿ ಅಥವಾ ಅವರ ಮೇಲಧಿಕಾರಿ. ಯಾರ ಮೇಲೆ ನಮಗೆ ಅನುಮಾನವೋ ಅವರ ಕೈಯಲ್ಲೇ ಬೀಗದ ಕೈ.

ಈಗ ಜಗತ್ತು ಹೊಸ ಒಪ್ಪಂದ ಮಾಡ್ತಿದೆ. ವಿಶ್ವಸಂಸ್ಥೆ 2024ರ ಡಿಸೆಂಬರ್ 24ರಂದು ಸೈಬರ್ ಅಪರಾಧದ ಒಪ್ಪಂದವನ್ನ ಅಂಗೀಕರಿಸಿತು. 2025ರ ಅಕ್ಟೋಬರ್‌ನಲ್ಲಿ ಹನೋಯ್‌ನಲ್ಲಿ ಸಹಿಗಳು ಬಿದ್ದವು. ದೇಶ ದೇಶಗಳ ಪೊಲೀಸರು ಡಿಜಿಟಲ್ ಸಾಕ್ಷಿ ಹಂಚಿಕೊಳ್ಳೋಕೆ ಅದರಲ್ಲಿ ವಿಸ್ತಾರವಾದ ವ್ಯವಸ್ಥೆ ಇದೆ. ಒಳ್ಳೇ ಉದ್ದೇಶದಿಂದ ಲೋಪ ಹುಡುಕೋ ಸಂಶೋಧಕರಿಗೆ ಗಟ್ಟಿ ರಕ್ಷಣೆ ಇಲ್ಲ ಅಂತ ಹಕ್ಕುಗಳ ಸಂಘಟನೆಗಳು, ಭದ್ರತಾ ತಜ್ಞರು ಮೊದಲಿನಿಂದ ಕೂಗಿ ಹೇಳಿದರು. ಕೇಳಿದವರು ಕಡಿಮೆ. ಸಹಕಾರ ಅನ್ನೋ ಪದ ಚೆನ್ನಾಗಿದೆ. ಯಾರ ನಡುವೆ ಅಂತ ಕೇಳಬೇಕಾದವರು ನಾವು.

ಮೊನ್ನೆ ಒಂದು ಹಾಸ್ಟೆಲಿಗೆ ಹೋಗಿದ್ದೆ. ಎಂಸಿಎ ಓದೋ ಹುಡುಗ ಕೇಳಿದ, "ಅಣ್ಣಾ, ಸೈಬರ್ ಸೆಕ್ಯುರಿಟಿ ಅಂದ್ರೆ ಒಟಿಪಿ ಕೊಡಬಾರ್ದು ಅನ್ನೋದು ತಾನೆ?" ಎಲ್ಲರೂ ನಕ್ಕರು. ಆಮೇಲೆ ಅವನೇ ಹತ್ತಿರ ಬಂದು ಮೆಲ್ಲಗೆ ಹೇಳಿದ: ಒಂದು ವೆಬ್‌ಸೈಟಿನಲ್ಲಿ ಅರ್ಜಿ ನಂಬರ್ ಬದಲಾಯಿಸಿದ್ರೆ ಬೇರೆಯವರ ಜಾತಿ ಪ್ರಮಾಣಪತ್ರ, ಆಧಾರ್ ಎಲ್ಲಾ ಕಾಣ್ತಿತ್ತಂತೆ. ಯಾರಿಗೂ ಹೇಳಿಲ್ಲ. "ಹೇಳಿದ್ರೆ ನನ್ನ ಮೇಲೇ ಕೇಸ್ ಹಾಕಲ್ವಾ ಅಣ್ಣಾ?" ನನ್ನ ಹತ್ರ ಉತ್ತರ ಇರಲಿಲ್ಲ. ಲೋಪ ತಿಳಿಸಿ ಅಂತ ಸರ್ಟ್-ಇನ್ ಹೇಳುತ್ತೆ ನಿಜ. ಆದರೆ ಐಟಿ ಕಾಯ್ದೆಯ 43, 66ನೇ ಸೆಕ್ಷನ್‌ಗಳಲ್ಲಿ ಒಳ್ಳೇ ಮನಸ್ಸಿನಿಂದ ಹುಡುಕಿದವನಿಗೆ ವಿನಾಯಿತಿ ಬರೆದಿಲ್ಲ. ಅಂಥವರ ಮೇಲೆ ಕೇಸ್ ಹಾಕಲ್ಲ ಅಂತ ಅಮೆರಿಕದ ನ್ಯಾಯ ಇಲಾಖೆ 2022ರಲ್ಲೇ ನೀತಿ ಮಾಡಿದೆ.

ಹಾಗಾಗಿ ನನ್ನ ಬೇಡಿಕೆ ಮೂರು.

ಒಂದು, ಗಡಿಯಾಚೆಯ ಸಾಕ್ಷಿ ಕೇಳೋ ಹಕ್ಕು ಆರೋಪಿಗೂ ಇರಲಿ. ಭಾರತ ಯಾವ ಒಪ್ಪಂದದ ಮೇಜಿಗೆ ಕೂತ್ರೂ ಇದನ್ನ ಕೇಳಬೇಕು.

ಎರಡು, ಲೋಪ ಹುಡುಕಿ ತಿಳಿಸುವವರಿಗೆ, ಹೊರದೇಶದ ಲ್ಯಾಬ್‌ಗಳ ಜೊತೆ ಕೆಲಸ ಮಾಡುವವರಿಗೆ ಕಾನೂನಿನ ರಕ್ಷಣೆ ಬೇಕು.

ಮೂರು, ಈ ವಿದ್ಯೆ ನಮ್ಮ ಮಕ್ಕಳ ಕೈಗೆ ಬರಬೇಕು. ನಮ್ಮ ಬೆಂಗಳೂರಲ್ಲೇ ಐಐಎಸ್‌ಸಿ ನೆರಳಲ್ಲಿ ರಾಜ್ಯದ ಸೈಬರ್ ಭದ್ರತಾ ಕೇಂದ್ರ ಇದೆ. ಎಸ್‌ಸಿ, ಎಸ್‌ಟಿ ಮಕ್ಕಳನ್ನ ಹೊರದೇಶಕ್ಕೆ ಕಳಿಸೋ ಪ್ರಬುದ್ಧ ಯೋಜನೆ ಇದೆ. ಇವೆರಡನ್ನ ಜೋಡಿಸಿ, ವರ್ಷಕ್ಕೆ ಹತ್ತು ಮಕ್ಕಳಾದ್ರೂ ಡಿಜಿಟಲ್ ಫೊರೆನ್ಸಿಕ್ಸ್ ಕಲಿಯೋಕೆ ಟೊರೊಂಟೊಗೋ ಇನ್ನೆಲ್ಲಿಗೋ ಹೋಗಿ ವಾಪಸ್ ಬರಲಿ. ಬಂದವರು ಜಿಲ್ಲೆಗೊಂದು ಲ್ಯಾಬ್ ಕಟ್ಟಲಿ. ಬಾಬಾಸಾಹೇಬರು 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಕೊಲಂಬಿಯಾಕ್ಕೆ ಹೋಗಿದ್ದು ಕಲಿತಿದ್ದನ್ನ ಇಲ್ಲಿಗೆ ತರೋಕೆ. ಅವರು ತಂದಿದ್ದರಿಂದಲೇ ಇವತ್ತು ನಾನು ಇದನ್ನ ಬರೀತಿದ್ದೀನಿ.

ಅಲ್ಲೀವರೆಗೆ ಒಂದು ಕೆಲಸ ಮಾಡಿ. ಗೊತ್ತಿಲ್ಲದ ಅಟ್ಯಾಚ್‌ಮೆಂಟ್ ತೆರೆದಿದ್ರೆ, ಲ್ಯಾಪ್‌ಟಾಪ್ ಮೇಲೆ ಅನುಮಾನ ಇದ್ರೆ, ಫಾರ್ಮ್ಯಾಟ್ ಮಾಡಿಸಬೇಡಿ. ಆಫ್ ಮಾಡಿ ಎತ್ತಿಡಿ. ಆ ಮೇಲ್ ಅಳಿಸಬೇಡಿ. ಪೊಲೀಸರು ಸೀಜ್ ಮಾಡಿದ್ರೆ ಹ್ಯಾಶ್ ವ್ಯಾಲ್ಯೂ ಬರೆದುಕೊಡಿ ಅಂತ ಕೇಳಿ. ಅದು ಡಿಸ್ಕಿನ ಬೆರಳಚ್ಚು ಇದ್ದ ಹಾಗೆ, ಆಮೇಲೆ ಒಳಗೆ ಒಂದು ಅಕ್ಷರ ಬದಲಾದ್ರೂ ಅದು ತಾಳೆಯಾಗಲ್ಲ.

ನನ್ನ ಹಳೇ ಲ್ಯಾಪ್‌ಟಾಪ್ ಇನ್ನೂ ಬೀರುವಿನ ಮೇಲಿದೆ. ಉಪಯೋಗ ಇಲ್ಲ ಅಂತ ಗೊತ್ತು, ಬಿಸಾಕೋಕೆ ಮನಸ್ಸು ಬರ್ತಿಲ್ಲ.

ಜೈ ಭೀಮ್.