ವೈದ್ಯನೂ ಪೋಲೀಸನೂ

ಸಾಂಕ್ರಾಮಿಕವು ದೈವಕೃತವೋ ಮನುಷ್ಯಕೃತವೋ ಎಂಬುದನ್ನು ವೈದ್ಯನೊಬ್ಬನೇ ನಿರ್ಣಯಿಸಲಾರನು; ಪೋಲೀಸನೊಬ್ಬನೂ ನಿರ್ಣಯಿಸಲಾರನು. ಅಮೆರಿಕದ ಆರೆಗಾನ್ ಸಂಸ್ಥಾನದ ದಿ ಡಾಲ್ಸ್ ಪಟ್ಟಣವೇ ಇದಕ್ಕೆ ನಿದರ್ಶನ. ೧೯೮೪ರಲ್ಲಿ ಅಲ್ಲಿ ೭೫೧ ಮಂದಿ ಸಾಲ್ಮೊನೆಲ್ಲಾ ಬೇನೆಗೆ ತುತ್ತಾದರು. ಬಹುಮಂದಿ ಹತ್ತು ಭೋಜನಶಾಲೆಗಳಲ್ಲಿ ಉಂಡವರು. ಆರೋಗ್ಯಾಧಿಕಾರಿಗಳು ಅಲ್ಲಿಯ ಕೆಲಸಗಾರರ ಅಶುಚಿತ್ವವೇ ಕಾರಣವೆಂದು ಬಗೆದರು. ೧೯೮೫ರಲ್ಲಿ ರಜನೀಶರು ತಮ್ಮ ಅನುಯಾಯಿಗಳ ಮೇಲೆಯೇ ದೋಷಾರೋಪಣೆ ಮಾಡಿದ ಬಳಿಕ ಶೋಧನೆ ನಡೆದು, ರಜನೀಶಪುರದ ಪ್ರಯೋಗಶಾಲೆಯಲ್ಲಿ ಅದೇ ಕ್ರಿಮಿಯು ದೊರಕಿತು. ಮತದಾರರನ್ನು ಹಾಸಿಗೆ ಹಿಡಿಸಿ ಜಿಲ್ಲೆಯ ಚುನಾವಣೆಯನ್ನು ಗೆಲ್ಲುವುದೇ ಸಂಚಾಗಿದ್ದಿತು. ಕ್ರಿಮಿಯ ಮಾದರಿ ವೈದ್ಯರಲ್ಲಿದ್ದಿತು, ಶೋಧನೆಯ ಅಧಿಕಾರ ಪೋಲೀಸರಲ್ಲಿದ್ದಿತು. ಎರಡೂ ಕೂಡಲು ವರ್ಷವೊಂದು ಹಿಡಿಯಿತು.

೨೦೦೧ರಲ್ಲಿ ಆಂಥ್ರಾಕ್ಸ್ ತುಂಬಿದ ಅಂಚೆ ಪತ್ರಗಳಿಂದ ೨೨ ಮಂದಿ ಪೀಡಿತರಾಗಿ ಐವರು ಮೃತರಾದ ಮೇಲೆ, ಉಭಯ ಇಲಾಖೆಗಳೂ ರೋಗಿಯನ್ನು ಒಟ್ಟಾಗಿ ವಿಚಾರಿಸುವ ಪದ್ಧತಿಯು ಆ ದೇಶದಲ್ಲಿ ಬಲಗೊಂಡಿತು. ಇದು ಯುಕ್ತವೇ ಸರಿ. ಆದರೆ ಶಯ್ಯೆಯ ಪಕ್ಕದಲ್ಲಿ ಕೈಕೋಳವನ್ನು ಕಂಡ ರೋಗಿಯು ಬಾಯಿ ಬಿಡನು. ಅವನ ನೆರೆಯವನು ಆಸ್ಪತ್ರೆಗೇ ಬಾರನು. ಆಗ ರೋಗವೂ ಹಬ್ಬುವುದು, ಅಪರಾಧಿಯೂ ತಪ್ಪಿಸಿಕೊಳ್ಳುವನು. ಆದುದರಿಂದ ಯಾವ ಸಂಗತಿಯನ್ನು ಪೋಲೀಸರಿಗೆ ತಿಳಿಸಬೇಕು, ಯಾವುದನ್ನು ವೈದ್ಯನು ಗುಪ್ತವಾಗಿಡಬೇಕು ಎಂಬ ಕಟ್ಟಳೆಯು ವಿಪತ್ತಿಗೆ ಮೊದಲೇ ಶಾಸನದಲ್ಲಿ ಸ್ಪಷ್ಟವಾಗಿರತಕ್ಕದ್ದು. ಭೀತಿಯ ದಿನ ಬರೆದ ಕಟ್ಟಳೆಯು ನ್ಯಾಯವಾಗಿರುವುದು ದುರ್ಲಭ.