ಐಫೋನ್ ಎದುರು ಗೆಲ್ಲಲು ಕ್ಯಾಮೆರಾ ಸಾಲದು

ಐಫೋನ್‌ಗೆ ಬೇರೆ ಫೋನ್‌ಗಳು ಪೈಪೋಟಿ ಕೊಡಬಲ್ಲವೇ? ಈಗಾಗಲೇ ಕೊಟ್ಟಿವೆ. ಆದರೆ ಅರ್ಧದಷ್ಟು ಮಾತ್ರ.

2007ರಲ್ಲಿ ಟಚ್‌ಸ್ಕ್ರೀನ್ ಐಫೋನ್ ಬಂದಾಗ ನೋಕಿಯಾ, ಬ್ಲ್ಯಾಕ್‌ಬೆರಿ ದೊಡ್ಡ ಹೆಸರುಗಳು. ಕೆಲವೇ ವರ್ಷಗಳಲ್ಲಿ ಎರಡೂ ಮೂಲೆಗೆ ಸರಿದವು. ಮೈಕ್ರೋಸಾಫ್ಟ್‌ನ ವಿಂಡೋಸ್ ಫೋನ್ ನೋಡಲು ಚೆನ್ನಾಗಿತ್ತು. ಜನರಿಗೆ ಬೇಕಾದ ಎಷ್ಟೋ ಆ್ಯಪ್‌ಗಳು ಅದರಲ್ಲಿ ಇರಲಿಲ್ಲ, ನೆಲಕಚ್ಚಿತು. ಗಟ್ಟಿಯಾಗಿ ನಿಂತದ್ದು 2008ರಲ್ಲಿ ಬಂದ ಆಂಡ್ರಾಯ್ಡ್. ಗೂಗಲ್ ಅದನ್ನು ಬೇರೆ ಕಂಪನಿಗಳೂ ಬಳಸಲು ಬಿಟ್ಟಿತು. ಬೆಲೆ ಇಳಿಯಿತು, ಫೋನ್ ಹಳ್ಳಿಗೆ ಬಂತು. ಕನ್ನಡದ್ದೇ ನೋಡಿ: ಹೊರಗಿನವರು ಮಾಡಿದ ಕೀಬೋರ್ಡ್ ಹಾಕಿಕೊಳ್ಳಲು ಆಂಡ್ರಾಯ್ಡ್‌ನಲ್ಲಿ 2009ರಲ್ಲೇ ದಾರಿಯಿತ್ತು. ಐಫೋನ್‌ನಲ್ಲಿ ಅದಕ್ಕೆ 2014ರವರೆಗೆ, ಕಂಪನಿಯದೇ ಕನ್ನಡ ಕೀಬೋರ್ಡ್‌ಗೆ 2017ರವರೆಗೆ ಕಾಯಬೇಕಾಯಿತು.

ಅಗ್ಗದ ಫೋನ್‌ಗಳು ಸೋಲುವುದು ಬಾಳಿಕೆಯಲ್ಲಿ. ಐಫೋನ್‌ಗೆ ಐದಾರು ವರ್ಷ ಅಪ್‌ಡೇಟ್ ಬರುತ್ತದೆ. ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳಿಗೆ ಎರಡು-ಮೂರು ವರ್ಷಕ್ಕೇ ನಿಂತುಹೋಗುತ್ತದೆ. ಆಮೇಲೂ ಫೋನ್ ನಡೆಯುತ್ತದೆ ನಿಜ. ಆದರೆ ಹೊಸದಾಗಿ ಪತ್ತೆಯಾದ ಭದ್ರತಾ ಲೋಪಗಳು ಹಾಗೇ ಉಳಿಯುತ್ತವೆ. ಹಾಲಿನ ದುಡ್ಡು, ಅವ್ವನ ಪಿಂಚಣಿ ಬೀಳುವ ಬ್ಯಾಂಕ್ ಖಾತೆ ಅದೇ ಫೋನಿನಲ್ಲಿದೆ.

ಗೂಗಲ್, ಸ್ಯಾಮ್‌ಸಂಗ್ ತಮ್ಮ ದುಬಾರಿ ಫೋನ್‌ಗಳಿಗೆ ಈಗ ಏಳು ವರ್ಷ ಅಪ್‌ಡೇಟ್ ಕೊಡುವ ಮಾತು ಕೊಟ್ಟಿವೆ. ಆ ಮಾತು ಹತ್ತು ಸಾವಿರದ ಫೋನಿಗೂ ಇಳಿಯಬೇಕು. ಅಂಗಡಿಯಲ್ಲಿ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳುವ ಮುಂಚೆ, ಅಪ್‌ಡೇಟ್ ಎಷ್ಟು ವರ್ಷ ಅಂತ ಕೇಳಿ. ನಾವು ಕೇಳದೆ ಅವರು ಕೊಡುವುದಿಲ್ಲ.